ಸೇಲಂ, ಧರ್ಮಪುರಿ ಮತ್ತು ಕೋವಿಡ್ಡಿನ ಮುಗಿಯದ ಲೆಕ್ಕ

ಕೋವಿಡ್ಡಿನಿಂದ ಸೇಲಂ ಜಿಲ್ಲೆಯಲ್ಲಿ ತೀರಿಕೊಂಡವರು 1,700ಕ್ಕೂ ಹೆಚ್ಚು ಎನ್ನುತ್ತದೆ ತಮಿಳುನಾಡು ಆರೋಗ್ಯ ಇಲಾಖೆಯ ಲೆಕ್ಕ. ಪಕ್ಕದ ಧರ್ಮಪುರಿಯ ಲೆಕ್ಕ ಮುನ್ನೂರನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯಂತೆ ಸೇಲಮಿನ ಜನಸಂಖ್ಯೆ 34.8 ಲಕ್ಷ, ಧರ್ಮಪುರಿಯದು 15 ಲಕ್ಷ. ಲಕ್ಷ ಜನಕ್ಕೆ ಇಷ್ಟು ಎಂದು ಭಾಗಿಸಿದರೆ ಸೇಲಮಿನಲ್ಲಿ ಸುಮಾರು ಐವತ್ತು ಸಾವು, ಧರ್ಮಪುರಿಯಲ್ಲಿ ಇಪ್ಪತ್ತರ ಒಳಗೆ. ಎರಡೂ ಜಿಲ್ಲೆಗಳು ಬೆಂಗಳೂರು ಹೆದ್ದಾರಿಯ ಮೇಲೇ ಇವೆ, ನಡುವೆ ತೊಪ್ಪೂರು ಘಾಟಿ. ಸೇಲಮಿನ ದೇವಾಂಗ ನೇಕಾರರ ಮನೆಗಳಲ್ಲೂ ಧರ್ಮಪುರಿ, ಪೆನ್ನಾಗರಂ ಕಡೆಯ ಒಕ್ಕಲು ಮನೆತನಗಳಲ್ಲೂ ಇಂದಿಗೂ ಕನ್ನಡ ಕೇಳುತ್ತದೆ. ಹೆಣ್ಣು ಕೊಟ್ಟು ತರುವುದು, ಕೂಲಿಗೆ ಹೋಗುವುದು, ಆಸ್ಪತ್ರೆಗೆ ಓಡುವುದು ಎಲ್ಲವೂ ಜಿಲ್ಲೆ ದಾಟಿ, ರಾಜ್ಯ ದಾಟಿ ನಡೆಯುತ್ತದೆ. ಇಂಥ ಒಂದೇ ಸೀಮೆಯಲ್ಲಿ ಸಾವಿನ ಪ್ರಮಾಣ ಎರಡೂವರೆ ಪಟ್ಟು ಬೇರೆಯಾಗಿದ್ದು ಹೇಗೆ?

ಈ ಅಂತರವನ್ನು ಯಾರು ಹೇಗೆ ಓದುತ್ತಾರೆ ಎಂಬುದರಲ್ಲೇ ಕೋವಿಡ್ ಕುರಿತ ವಾದಗಳೆಲ್ಲ ಅಡಗಿವೆ. ಸಾವನ್ನು ಮುಚ್ಚಿಟ್ಟರು ಎನ್ನುವವರು ಧರ್ಮಪುರಿಯತ್ತ ಬೆರಳು ತೋರಿಸುತ್ತಾರೆ: ಅಲ್ಲಿ ದೊಡ್ಡ ಆಸ್ಪತ್ರೆಗಳು ಕಡಿಮೆ, ಮನೆಯಲ್ಲೇ ಉಸಿರು ಬಿಟ್ಟವರನ್ನು ಯಾರೂ ಬರೆದುಕೊಳ್ಳಲಿಲ್ಲ. ಲಾಕ್‌ಡೌನ್ ವ್ಯರ್ಥ ಎನ್ನುವವರು ಸೇಲಮನ್ನು ತೋರಿಸುತ್ತಾರೆ: ಹೆಚ್ಚು ಬಿಗಿ ಮಾಡಿದ ಕಡೆಯೇ ಹೆಚ್ಚು ಜನ ಸತ್ತರಲ್ಲ? ಲಸಿಕೆಯನ್ನು ಶಂಕಿಸುವವರಿಗೆ ಎರಡೂ ಅಂಕಿಗಳು ಚಿಕ್ಕವಾಗಿ ಕಾಣುತ್ತವೆ: ಲಕ್ಷಕ್ಕೆ ಐವತ್ತೇ ಸಾವು ಅಂದಮೇಲೆ ಎಲ್ಲರಿಗೂ ಸೂಜಿ ಏಕೆ ಚುಚ್ಚಬೇಕಿತ್ತು? ಹೀಗೆ ಎರಡೇ ಅಂಕಿಗಳು ಮೂರು ವಾದಗಳಿಗೂ ಆಧಾರವಾಗಿಬಿಡುತ್ತವೆ. ಈ ಮೂರನ್ನು ಬಿಡಿಸಿ ನೋಡಬೇಕು ಎಂಬುದು ನನ್ನ ನಿಲುವು. ಸಾವಿನ ಎಣಿಕೆ ಕಡಿಮೆಯಾಯಿತು ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಲಸಿಕೆಯ ಅಪಾಯ ನಿಜ, ಆದರೆ ಅಪರೂಪ. ಲಾಕ್‌ಡೌನಿನ ಫಲವನ್ನು ಮಾತ್ರ ಇಂದಿಗೂ ಖಚಿತವಾಗಿ ಅಳೆಯಲಾಗಿಲ್ಲ. ಮೂರಕ್ಕೂ ಒಂದೇ ಖಚಿತತೆಯಿಂದ ಹೌದು ಅಥವಾ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಮೊದಲು ಸಾವಿನ ವಿಷಯ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕು, ಸತ್ತವರ ಊರು ಯಾವುದೇ ಇರಲಿ. ಪೆನ್ನಾಗರದ ರೋಗಿ ಸೇಲಮಿನ ಮೋಹನ್ ಕುಮಾರಮಂಗಲಂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೀರಿಕೊಂಡರೆ ಆ ಸಾವು ಸೇಲಮಿನ ರಿಜಿಸ್ಟರಿಗೆ ಸೇರುತ್ತದೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋದವರು ಅಲ್ಲಿಯೇ ತೀರಿಕೊಂಡರೆ ಅದು ಕರ್ನಾಟಕದ ಪುಸ್ತಕಕ್ಕೆ. ಸೇಲಮಿನ ಆಸ್ಪತ್ರೆ ಸುತ್ತಲಿನ ಹಲವು ಜಿಲ್ಲೆಗಳ ಕೊನೆಯ ಆಸರೆ. ಧರ್ಮಪುರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದೇ 2008ರಲ್ಲಿ. ಹಾಗಾಗಿ ಮರಣ ರಿಜಿಸ್ಟರಿನಲ್ಲಿ ಎರಡು ಜಿಲ್ಲೆಗಳನ್ನು ಹೋಲಿಸುವವರು ಕಾಯಿಲೆಯನ್ನು ಅಳೆಯುವ ಬದಲು ಆಸ್ಪತ್ರೆಗಳ ಹಂಚಿಕೆಯನ್ನು ಅಳೆಯುತ್ತಿರುವ ಸಾಧ್ಯತೆ ದೊಡ್ಡದು. ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಯದು ಇನ್ನೊಂದೇ ಪಟ್ಟಿ. ಅದಕ್ಕೆ ಸೇರಲು ಪರೀಕ್ಷೆಯ ಪಾಸಿಟಿವ್ ವರದಿ ಬೇಕು, ವೈದ್ಯರು ಕಾರಣ ಬರೆದಿರಬೇಕು. ರೋಗಿ ಹದಿನೈದು ದಿನ ಐಸಿಯುನಲ್ಲಿದ್ದು, ಮರುಪರೀಕ್ಷೆಯಲ್ಲಿ ನೆಗೆಟಿವ್ ಬಂದು, ಆಮೇಲೆ ಶ್ವಾಸಕೋಶ ಸೋತು ತೀರಿಕೊಂಡರೆ ಸರ್ಟಿಫಿಕೇಟಿನಲ್ಲಿ ನ್ಯುಮೋನಿಯಾ ಎಂದಷ್ಟೇ ಬರುತ್ತಿತ್ತು. ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಮೂಲ ಕಾರಣವಾಗಿ ಬರೆಯಬೇಡಿ ಎಂದು ಐಸಿಎಂಆರ್ 2020ರಲ್ಲೇ ಹೇಳಿತ್ತು. ಹೇಳಿದ್ದು ಒಂದು, ವಾರ್ಡುಗಳಲ್ಲಿ ನಡೆದದ್ದು ಇನ್ನೊಂದು.

ತಮಿಳುನಾಡು ಸರ್ಕಾರ ತನ್ನ ತಪ್ಪನ್ನು ಒಮ್ಮೆ ತಾನೇ ತಿದ್ದಿಕೊಂಡಿತು. 2020ರ ಜುಲೈ 22ರಂದು ಚೆನ್ನೈನ 444 ಹಳೆಯ ಸಾವುಗಳನ್ನು ಒಂದೇ ದಿನ ಪಟ್ಟಿಗೆ ಸೇರಿಸಿತು. ಆರೋಗ್ಯ ಇಲಾಖೆಯ ಪಟ್ಟಿಗೂ ಪಾಲಿಕೆಯ ಮರಣ ನೋಂದಣಿಗೂ ತಾಳೆಯಾಗದ್ದನ್ನು ಪತ್ರಕರ್ತರು ಎತ್ತಿ ತೋರಿಸಿದ ಮೇಲೆ ನೇಮಿಸಿದ ಸಮಿತಿಯ ಫಲ ಅದು. ಒಳ್ಳೆಯ ಕೆಲಸವೇ. ಆದರೆ ಎರಡನೇ ಅಲೆಯಲ್ಲಿ, ಸೋಂಕು ಚೆನ್ನೈ ಬಿಟ್ಟು ಕೊಯಮತ್ತೂರು, ತಿರುಪ್ಪೂರು, ಈರೋಡು, ಸೇಲಮಿನ ಕಡೆ ಹರಿದಾಗ, ಅಂಥ ತಾಳೆ ಜಿಲ್ಲೆ ಜಿಲ್ಲೆಗೂ ನಡೆಯಲಿಲ್ಲ. 2021ರಲ್ಲಿ ಚೆನ್ನೈನ ದತ್ತಾಂಶ ಪತ್ರಕರ್ತೆ ಎಸ್. ರುಕ್ಮಿಣಿ ಮತ್ತಿತರರು ರಾಜ್ಯದ ಮರಣ ನೋಂದಣಿಯ ಅಂಕಿಗಳನ್ನು ಹೊರತಂದಾಗ ಹಿಂದಿನ ವರ್ಷಗಳಿಗೆ ಹೋಲಿಸಿ ಹೆಚ್ಚಾದ ಸಾವುಗಳು ಸರ್ಕಾರಿ ಕೋವಿಡ್ ಸಾವಿನ ಹಲವು ಪಟ್ಟು ಇದ್ದವು.

ಈ 'ಹೆಚ್ಚುವರಿ ಸಾವು' ಎಂಬ ಲೆಕ್ಕವೇ ವಾದದ ಕೇಂದ್ರ. ಸಾಮಾನ್ಯ ವರ್ಷದಲ್ಲಿ ಎಷ್ಟು ಜನ ಸಾಯುತ್ತಿದ್ದರು, ಈ ವರ್ಷ ಎಷ್ಟು ಜನ ಸತ್ತರು, ಇವೆರಡರ ನಡುವಿನ ಅಂತರವೇ ಹೆಚ್ಚುವರಿ ಸಾವು. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ರಂದು ಭಾರತಕ್ಕೆ ಹಾಕಿದ ಲೆಕ್ಕ ಎರಡು ವರ್ಷಕ್ಕೆ 47 ಲಕ್ಷ. ಆ ಅವಧಿಗೆ ಸರ್ಕಾರದ ಅಂಕಿ 4.8 ಲಕ್ಷ. ಪ್ರಭಾತ್ ಝಾ ಮತ್ತು ಸಂಗಡಿಗರ ಅಂದಾಜು 2021ರ ಜುಲೈ ಹೊತ್ತಿಗೆ 32 ಲಕ್ಷ. ಅರವಿಂದ ಸುಬ್ರಮಣಿಯನ್ ಮತ್ತು ಸಹಲೇಖಕರ ಅಂದಾಜು 34ರಿಂದ 49 ಲಕ್ಷ. ಮಾದರಿಗಳ ಮೇಲೆ ಕಟ್ಟಿದ ಅಂಕಿಗಳನ್ನು ಒಪ್ಪುವುದಿಲ್ಲ ಎಂದು ಕೇಂದ್ರ ಸರ್ಕಾರ ತಳ್ಳಿಹಾಕಿತು. ಮರಣ ನೋಂದಣಿ ಹೆಚ್ಚಿದ್ದಕ್ಕೆ ಜನ ಮೊದಲಿಗಿಂತ ಹೆಚ್ಚಾಗಿ ನೋಂದಾಯಿಸುತ್ತಿರುವುದೇ ಕಾರಣ ಎಂಬ ಅದರ ವಾದವನ್ನು ಸುಮ್ಮನೆ ತೆಗೆದುಹಾಕಲಾಗದು. 2018ರಿಂದ 2019ಕ್ಕೆ, ಯಾವ ಸಾಂಕ್ರಾಮಿಕವೂ ಇಲ್ಲದೆ, ದೇಶದಲ್ಲಿ ನೋಂದಾದ ಸಾವುಗಳು 69.5 ಲಕ್ಷದಿಂದ 76.4 ಲಕ್ಷಕ್ಕೆ ಏರಿದ್ದವು. 2020ರಲ್ಲಿ 81.2 ಲಕ್ಷ. ಇಲ್ಲಿಯವರೆಗೆ ಸರ್ಕಾರದ ವಾದಕ್ಕೆ ಜಾಗ ಇತ್ತು. ಆದರೆ ಕೇಂದ್ರವೇ 2025ರ ಮೇ ತಿಂಗಳಲ್ಲಿ, ಬಹಳ ತಡವಾಗಿ, ಪ್ರಕಟಿಸಿದ 2021ರ ವರದಿಯಲ್ಲಿ ಸಂಖ್ಯೆ 1.02 ಕೋಟಿ. ಒಂದೇ ವರ್ಷದಲ್ಲಿ ಇಪ್ಪತ್ತು ಲಕ್ಷ ದಾಟಿದ ಈ ಏರಿಕೆಗೆ ನೋಂದಣಿಯ ಶಿಸ್ತು ಉತ್ತರವಾಗುವುದಿಲ್ಲ. ತಮಿಳುನಾಡಿಗಂತೂ ಆ ವಾದ ಹೊಂದುವುದೇ ಇಲ್ಲ. ಅಲ್ಲಿ ಬಹುತೇಕ ಎಲ್ಲ ಸಾವುಗಳೂ ಮೊದಲಿಂದ ನೋಂದಣಿಯಾಗುತ್ತಿದ್ದವು.

ಇನ್ನೊಂದು ಸರ್ಕಾರಿ ದಾಖಲೆ ನನ್ನ ಮಟ್ಟಿಗೆ ಎಲ್ಲ ಮಾದರಿಗಳಿಗಿಂತ ಬಲವಾದದ್ದು. 2020ರಲ್ಲಿ ದೇಶದಲ್ಲಿ ನೋಂದಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5ಕ್ಕೆ ಮಾತ್ರ. ಆ ಕಾಲುಭಾಗಕ್ಕೂ ಕಡಿಮೆ ಸಾವುಗಳಲ್ಲೇ ಕೋವಿಡ್ ಎಂದು ಬರೆದಿದ್ದವು 1,60,618. ಆ ವರ್ಷದ ಕೊನೆಗೆ ಆರೋಗ್ಯ ಸಚಿವಾಲಯ ಇಡೀ ದೇಶಕ್ಕೆ ಕೊಟ್ಟಿದ್ದ ಅಂಕಿ ಸುಮಾರು 1.49 ಲಕ್ಷ. ಪ್ರಮಾಣಪತ್ರ ಸಿಕ್ಕ ಸಾವುಗಳಷ್ಟೇ ಒಟ್ಟು ಲೆಕ್ಕವನ್ನು ದಾಟಿದವು ಎಂದಮೇಲೆ ಉಳಿದ ಮುಕ್ಕಾಲು ಪಾಲಿನ ಬಗ್ಗೆ ಏನು ಹೇಳುವುದು? ಪ್ರಮಾಣಪತ್ರವಿಲ್ಲದ ಆ ಸಾವುಗಳು ಹೆಚ್ಚಾಗಿ ಮನೆಗಳಲ್ಲಿ, ಹಳ್ಳಿಗಳಲ್ಲಿ, ಧರ್ಮಪುರಿಯಂಥ ಜಿಲ್ಲೆಗಳಲ್ಲಿ ಸಂಭವಿಸುತ್ತವೆ.

ಹಣದ ವಿಷಯ ಬಂದಾಗ ಲೆಕ್ಕ ಇನ್ನೊಮ್ಮೆ ತೆರೆದುಕೊಂಡಿತು. 2021ರ ಜೂನ್ 30ರ ಸುಪ್ರೀಂ ಕೋರ್ಟ್ ಆದೇಶದ ನಂತರ ಪ್ರತಿ ಕೋವಿಡ್ ಸಾವಿಗೆ ಕುಟುಂಬಕ್ಕೆ 50,000 ರೂಪಾಯಿ ಎಂದು ನಿಗದಿಯಾಯಿತು. ಪರೀಕ್ಷೆಯಾದ 30 ದಿನದೊಳಗಿನ ಸಾವನ್ನೆಲ್ಲ ಕೋವಿಡ್ ಸಾವೆಂದೇ ಪರಿಗಣಿಸಬೇಕು ಎಂದಾಯಿತು. ಗುಜರಾತಿನಲ್ಲಿ ಸರ್ಕಾರಿ ಅಂಕಿ ಹತ್ತು ಸಾವಿರದ ಆಸುಪಾಸಿದ್ದರೆ ಬಂದ ಅರ್ಜಿಗಳು ಎಂಬತ್ತು ಸಾವಿರ ದಾಟಿದವು. ಹಣದಾಸೆಗೆ ಸುಳ್ಳು ಅರ್ಜಿ ಹಾಕಿದವರೂ ಇದ್ದರು, ಅದರ ಬಗ್ಗೆ ಸುಪ್ರೀಂ ಕೋರ್ಟೇ ತನಿಖೆಗೆ ಹೇಳಿತು. ಆದರೂ ಅಧಿಕಾರಿಗಳೇ ಪರಿಶೀಲಿಸಿ ಒಪ್ಪಿದ ಅರ್ಜಿಗಳೂ ಅಲ್ಲಿ ಹಳೆಯ ಅಂಕಿಯ ಹಲವು ಪಟ್ಟಾದವು.

ಇಲ್ಲಿಂದ ಒಂದು ದಾರಿ ನೇರವಾಗಿ ಲಸಿಕೆ ಮತ್ತು ಲಾಕ್‌ಡೌನ್ ವಾದಕ್ಕೆ ಹೋಗುತ್ತದೆ. 2020ರ ಅಕ್ಟೋಬರ್–ನವೆಂಬರ್‌ನಲ್ಲಿ ತಮಿಳುನಾಡು ನಡೆಸಿದ ರಕ್ತ ಸಮೀಕ್ಷೆಯಲ್ಲಿ ಸುಮಾರು ಶೇ 31.6 ಜನರಲ್ಲಿ ಪ್ರತಿಕಾಯ ಕಂಡುಬಂತು. ಅಂದರೆ ಎರಡು ಕೋಟಿಗೂ ಹೆಚ್ಚು ಜನರಿಗೆ ಸೋಂಕು ಆಗಿಹೋಗಿತ್ತು. ಆಗ ಸರ್ಕಾರಿ ಲೆಕ್ಕದಲ್ಲಿ ಸತ್ತವರು ಹನ್ನೊಂದು ಸಾವಿರದ ಮೇಲೆ ಚಿಲ್ಲರೆ. ಭಾಗಿಸಿದರೆ ಎರಡು ಸಾವಿರ ಸೋಂಕಿಗೆ ಒಂದು ಸಾವು. 'ನೋಡಿ, ಇದು ಫ್ಲೂ ಥರದ್ದು' ಎನ್ನುವವರು ಹಿಡಿದುಕೊಂಡದ್ದು ಈ ಭಾಗಾಕಾರವನ್ನು. ಭಾಗಾಕಾರದ ಮೇಲಿನ ಸಂಖ್ಯೆ, ಅಂದರೆ ಸಾವು, ಹಲವು ಪಟ್ಟು ಕಡಿಮೆ ಇದ್ದರೆ ಉತ್ತರವೂ ಅಷ್ಟೇ ಪಟ್ಟು ಕಡಿಮೆ ಬರುತ್ತದೆ. ಸಾವನ್ನು ಕಡಿಮೆ ಎಣಿಸಿ ಸರ್ಕಾರ ತನ್ನ ಮರ್ಯಾದೆ ಉಳಿಸಿಕೊಂಡೆ ಅಂದುಕೊಂಡಿತು. ತಾನೇ ಹೇರಿದ ನಿರ್ಬಂಧವನ್ನೂ ತಾನೇ ಹಂಚಿದ ಲಸಿಕೆಯನ್ನೂ ಅನುಮಾನಿಸುವವರ ಕೈಗೆ ಅದೇ ಆಯುಧ ಕೊಟ್ಟಿತು.

ಇನ್ನು ಲಾಕ್‌ಡೌನ್. 2020ರ ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿದಾಗ ಸೇಲಮಿನಲ್ಲಿ ಮೊದಲ ಪ್ರಕರಣಗಳು ಆಗಷ್ಟೇ ಕಂಡಿದ್ದವು. ಧರ್ಮಪುರಿಯಲ್ಲಿ ಏಪ್ರಿಲ್ ಮೂರನೇ ವಾರ ದಾಟುವವರೆಗೆ ಒಂದೂ ದಾಖಲಾಗಿರಲಿಲ್ಲ. ಮೇ ಒಂದರ ಕೇಂದ್ರದ ಪಟ್ಟಿಯಲ್ಲಿ ಇಡೀ ತಮಿಳುನಾಡಿಗೆ ಸೋಂಕಿಲ್ಲದ ಒಂದೇ 'ಹಸಿರು' ಜಿಲ್ಲೆ ಇತ್ತು, ಅದು 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ. ರೋಗವೇ ಇಲ್ಲದ ಊರುಗಳಲ್ಲಿ ಮಾವಿನ ತೋಟದ ಫಸಲು ಮಂಡಿಗೆ ಹೋಗಲು ಪರದಾಡಿತು, ಸೇಲಮಿನ ಬೆಳ್ಳಿ ಗೆಜ್ಜೆಯ ಪಟ್ಟಡಿಗಳು, ಸಾಬಕ್ಕಿ ಕಾರ್ಖಾನೆಗಳು, ಮಗ್ಗಗಳು ನಿಂತವು. ಸಮರ್ಥಿಸುವವರು ಹೇಳುವುದು: ರೋಗ ಇಲ್ಲದ ಹೊತ್ತಿನಲ್ಲೇ ತಡೆದರೆ ತಾನೇ ತಡೆ? ಆ ವರ್ಷ ಕೇಂದ್ರ ಸರ್ಕಾರ ಕೊಟ್ಟ ಅಂದಾಜು 14ರಿಂದ 29 ಲಕ್ಷ ಸೋಂಕು, 37ರಿಂದ 78 ಸಾವಿರ ಸಾವು ತಪ್ಪಿದವು ಎಂದು. ಸಾವು ಎಣಿಸಲು ಮಾದರಿ ಬಳಸಿದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯನ್ನು ದೂರಿದ ಸರ್ಕಾರವೇ ಸಾವು ತಪ್ಪಿಸಿದ್ದನ್ನು ತೋರಿಸಲು ಮಾದರಿಗಳನ್ನೇ ನೆಚ್ಚಿಕೊಂಡಿತ್ತು ಎಂಬುದನ್ನು ಮರೆಯಬಾರದು.

ಹೊರಗಿನ ಜಗತ್ತಿನಲ್ಲೂ ಒಮ್ಮತ ಇಲ್ಲ. 2020ರ ಜೂನ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಯೂರೋಪಿನ 11 ದೇಶಗಳಲ್ಲಿ 31 ಲಕ್ಷ ಜೀವ ಉಳಿಯಿತು ಎಂದರು. 2022ರ ಜನವರಿಯಲ್ಲಿ ಹರ್ಬಿ, ಯೋನುಂಗ್, ಹ್ಯಾಂಕೆ ಎಂಬ ಮೂವರು ಅರ್ಥಶಾಸ್ತ್ರಜ್ಞರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೊದಲ ಅಲೆಯ ಲಾಕ್‌ಡೌನಿನಿಂದ ಸಾವು ತಗ್ಗಿದ್ದು ಶೇ 0.2 ಮಾತ್ರ ಎಂದರು. ಮೊದಲನೆಯದು ಜನ ಹೆದರಿ ತಾವಾಗಿಯೇ ಮನೆಯಲ್ಲಿ ಉಳಿದದ್ದನ್ನೂ ಸರ್ಕಾರಿ ಆದೇಶದ ಖಾತೆಗೆ ಹಾಕಿತು. ಎರಡನೆಯದು ತನಗೆ ಬೇಕಾದ ಅಧ್ಯಯನಗಳಿಗೆ ಹೆಚ್ಚು ತೂಕ ಕೊಟ್ಟಿತು ಎಂಬ ಟೀಕೆ ಎದುರಿಸಿತು. ಎರಡೂ ನಮ್ಮ ದೇಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೂಲಿ ಹೋದರೆ ಅಂದಿನ ಊಟವೂ ಹೋಗುವ ಜನ, ಒಂದೇ ಕೋಣೆಯ ಮನೆಯಲ್ಲಿ ಮಗ್ಗದ ಪಕ್ಕ ಮಲಗುವ ಜನ ಆ ಮಾದರಿಗಳಲ್ಲಿ ಇಲ್ಲ.

ನಮ್ಮ ಸೀಮೆಯಲ್ಲಿ ಹೋಲಿಕೆಗೆ ಒದಗಿದ ಒಂದು ಸಂದರ್ಭ 2021ರ ಜೂನ್. ಮೇ 10ರಿಂದ ರಾಜ್ಯವಿಡೀ ಬಂದ್ ಆಗಿತ್ತು; ಮೇ 21ರಂದು ರಾಜ್ಯದ ದಿನದ ಪ್ರಕರಣಗಳು 36,184ಕ್ಕೆ ಏರಿ ಅಲ್ಲಿಂದ ಇಳಿಯತೊಡಗಿದವು. ಜೂನ್‌ನಲ್ಲಿ ಸಡಿಲಿಕೆ ಬಂದಾಗ ಸೋಂಕು ಹೆಚ್ಚಿದ್ದ 11 ಜಿಲ್ಲೆಗಳನ್ನು ಹೊರಗಿಟ್ಟರು. ಕೊಯಮತ್ತೂರು, ನೀಲಗಿರಿ, ತಿರುಪ್ಪೂರು, ಈರೋಡು, ಕರೂರು, ನಾಮಕ್ಕಲ್ ಮತ್ತು ಕಾವೇರಿ ಮುಖಜ ಭೂಮಿಯ ಜಿಲ್ಲೆಗಳ ಜೊತೆ ಸೇಲಂ ಬಿಗಿಯಾಗಿ ಉಳಿಯಿತು, ಧರ್ಮಪುರಿ ತೆರೆಯಿತು. ಘಾಟಿಯ ಈಚೆ ಒಂದು ನಿಯಮ, ಆಚೆ ಇನ್ನೊಂದು. ಪ್ರಯೋಗಕ್ಕೆ ಹೇಳಿಮಾಡಿಸಿದ ಹಾಗೆ ಕಾಣುತ್ತದೆ, ಆದರೆ ಅಲ್ಲ. ಸೇಲಂ ಬಿಗಿಯಾದದ್ದೇ ಅಲ್ಲಿ ರೋಗ ಹೆಚ್ಚಿದ್ದರಿಂದ. ಹಾಗಿರುವಾಗ ಸೇಲಮಿನಲ್ಲಿ ಸಾವು ಹೆಚ್ಚು, ಆದ್ದರಿಂದ ಲಾಕ್‌ಡೌನ್ ವ್ಯರ್ಥ ಎನ್ನುವುದು ಛತ್ರಿ ಹಿಡಿದವರೇ ಹೆಚ್ಚು ನೆನೆದರು, ಆದ್ದರಿಂದ ಛತ್ರಿ ಬೇಡ ಎಂದ ಹಾಗೆ. ಅತ್ತ, ಬಂದ್ ಆದ ಹನ್ನೊಂದು ದಿನಕ್ಕೆ ಅಲೆ ಇಳಿಯಿತು, ಆದ್ದರಿಂದ ಬಂದ್ ಗೆದ್ದಿತು ಎನ್ನುವುದೂ ಅರ್ಧ ಮಾತು. ಜೂನ್–ಜುಲೈನ ಸಮೀಕ್ಷೆಯಲ್ಲಿ ರಾಜ್ಯದ ಶೇ 66.2 ಜನರಲ್ಲಿ ಪ್ರತಿಕಾಯ ಇತ್ತು. ಸೋಂಕು ತಗುಲಲು ಹೊಸಬರೇ ಕಡಿಮೆಯಾಗಿದ್ದರು. ಗಡಿಯಾಚೆ ಕರ್ನಾಟಕದಲ್ಲಿ ಏಪ್ರಿಲ್ 27ರ ರಾತ್ರಿ ಕರ್ಫ್ಯೂ ಶುರುವಾಗಿ ಮೇ 5ಕ್ಕೆ 50,112 ಪ್ರಕರಣಗಳೊಂದಿಗೆ ಅಲೆ ತುದಿ ಮುಟ್ಟಿತು. ಅಲ್ಲೂ ಅದೇ ಪ್ರಶ್ನೆ.

ನನ್ನ ಅಭಿಪ್ರಾಯ ಇಷ್ಟು. 2021ರ ಮೇ ತಿಂಗಳಲ್ಲಿ ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ ಎಂಬ ಸ್ಥಿತಿಯಲ್ಲಿ ಎರಡು ವಾರ ಜನಸಂಪರ್ಕ ತಗ್ಗಿಸಿದ್ದು ಜೀವ ಉಳಿಸಿತು. ಸೇಲಂ ಉಕ್ಕು ಕಾರ್ಖಾನೆಯ ಆವರಣದಲ್ಲಿ 500 ಆಮ್ಲಜನಕ ಹಾಸಿಗೆಗಳ ಕೇಂದ್ರವನ್ನು ಸಜ್ಜು ಮಾಡಲು ಬೇಕಾಗಿದ್ದು ಅಷ್ಟೇ ದಿನ. ಕಾಲಾವಕಾಶ ಕೊಟ್ಟ ಲಾಕ್‌ಡೌನ್ ಸಾರ್ಥಕ. ಆ ಕಾಲದಲ್ಲಿ ಏನನ್ನೂ ಕಟ್ಟದ ಲಾಕ್‌ಡೌನ್ ಬರೀ ಶಿಕ್ಷೆ. 2020ರ ಏಪ್ರಿಲ್ 26ರಿಂದ 28ರವರೆಗೆ ಸೇಲಂ ಮತ್ತು ತಿರುಪ್ಪೂರು ನಗರಗಳಲ್ಲಿ ತರಕಾರಿ ಅಂಗಡಿಯನ್ನೂ ಮುಚ್ಚಿಸಿದ ಸಂಪೂರ್ಣ ಬಂದ್ ಎರಡನೆಯ ಜಾತಿಯದು. ಚೆನ್ನೈ, ಕೊಯಮತ್ತೂರು, ಮದುರೈಗಳಿಗೂ ಬೀಗ ಬಿದ್ದ ಆ ಆದೇಶದ ಹಿಂದಿನ ದಿನ ಜನ ಮುಗಿಬಿದ್ದು ಸಾಮಾನು ಕೊಂಡರು. ಗುಂಪು ತಡೆಯಲು ಬಂದ ಆದೇಶದಿಂದಲೇ ಗುಂಪು ಸೇರಿತು.

ನಮ್ಮ ಹಿರಿಯರಿಗೆ ದೂರ ಇರುವುದು ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ದಶಕಗಳ ಕಾಲ ಇಲಿ ಬಿದ್ದ ಕೂಡಲೇ ಹಳ್ಳಿಗೆ ಹಳ್ಳಿಯೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ದವಸ, ದನ, ಪಾತ್ರೆ ಪರಡಿ ಎಲ್ಲವೂ ಜೊತೆಗೆ ಹೋಗುತ್ತಿದ್ದವು. ಜನ ಅನ್ನದ ಹತ್ತಿರ ಹೋಗುತ್ತಿದ್ದರು. 2020ರಲ್ಲಿ ಅನ್ನದಿಂದ ದೂರ ಸಿಕ್ಕಿಬಿದ್ದರು. ನಾಗಪುರದ ಬಳಿಯ ವಾರ್ಧಾದಿಂದ ನಾಮಕ್ಕಲ್‌ಗೆ ನಡೆದು ಹೊರಟ 23ರ ಹುಡುಗನೊಬ್ಬ ಆ ಏಪ್ರಿಲ್‌ನಲ್ಲಿ ಸಿಕಂದರಾಬಾದಿನ ಆಶ್ರಯ ಕೇಂದ್ರದಲ್ಲಿ ಪ್ರಾಣ ಬಿಟ್ಟ. 2021ರ ಜೂನ್ 22ರಂದು ಸೇಲಂ ಜಿಲ್ಲೆಯ ಪಾಪ್ಪನಾಯಕ್ಕನ್‌ಪಟ್ಟಿ ಚೆಕ್‌ಪೋಸ್ಟಿನಲ್ಲಿ ಕಿರಾಣಿ ಅಂಗಡಿಯವರೊಬ್ಬರನ್ನು ಪೊಲೀಸರು ಥಳಿಸಿದರು, ಮರುದಿನ ಅವರು ತೀರಿಕೊಂಡರು. ಒಬ್ಬ ವಿಶೇಷ ಸಬ್‌ಇನ್ಸ್‌ಪೆಕ್ಟರ್‌ರ ಬಂಧನವಾಯಿತು. ಸೇಲಮಿನಲ್ಲಿ ಮದ್ಯದಂಗಡಿ ಮುಚ್ಚಿದ್ದರಿಂದ ಸತ್ತ ಆ ವ್ಯಾಪಾರಿ ಮದ್ಯದಂಗಡಿ ತೆರೆದಿದ್ದ ಕಳ್ಳಕುರಿಚ್ಚಿ ಜಿಲ್ಲೆಗೆ ಹೋಗಿ ಬರುತ್ತಿದ್ದರು. ಜಿಲ್ಲೆಗೊಂದು ನಿಯಮ ಮಾಡಿದ್ದರ ನೇರ ಪರಿಣಾಮ ಅದು. ಕೋವಿಡ್ ಪಟ್ಟಿಯಲ್ಲಿ ಈ ಇಬ್ಬರೂ ಇಲ್ಲ. ಲಾಕ್‌ಡೌನ್ ಉಳಿಸಿದ ಜೀವಗಳನ್ನು ಲೆಕ್ಕ ಹಾಕುವ ಯಾವ ಮಾದರಿಯಲ್ಲೂ ಇಲ್ಲ.

ಮಕ್ಕಳದು ಇನ್ನೂ ದೊಡ್ಡ ಲೆಕ್ಕ. ತಮಿಳುನಾಡಿನಲ್ಲಿ ಒಂದರಿಂದ ಎಂಟನೇ ತರಗತಿಯವರೆಗೆ ಶಾಲೆ ಮತ್ತೆ ತೆರೆದದ್ದು 2021ರ ನವೆಂಬರ್ 1ಕ್ಕೆ. ಹತ್ತಿರ ಹತ್ತಿರ ಹತ್ತೊಂಬತ್ತು ತಿಂಗಳು. ಮೊದಲಿಂದಲೂ ಬಾಲ್ಯವಿವಾಹಕ್ಕೆ ಹೆಸರಾದ ಸೇಲಂ, ಧರ್ಮಪುರಿಗಳಲ್ಲಿ 2020ರ ಮೇ ತಿಂಗಳಲ್ಲಿ ಅದು ಹಿಂದಿನ ವರ್ಷಕ್ಕಿಂತ ಹೆಚ್ಚಿತ್ತು ಎಂದು ಮಕ್ಕಳ ಹಕ್ಕುಗಳ ಸಂಸ್ಥೆ ಕ್ರೈ ವರದಿ ಮಾಡಿತು. ಶಾಲೆ ಇಲ್ಲ, ಮದುವೆಗೆ ಹೆಚ್ಚು ಜನ ಸೇರುವಂತಿಲ್ಲ, ಖರ್ಚು ಕಡಿಮೆ; ಹೆಣ್ಣುಮಕ್ಕಳಿಗೆ ತಾಳಿ ಬಿತ್ತು. ಕಲಿಕೆಯ ಮಾತು ಬಂದರೆ, ತಮಿಳುನಾಡಿನ ಹಳ್ಳಿಗಳ ಸುಮಾರು 19,000 ಮಕ್ಕಳನ್ನು ಅಭಿಜಿತ್ ಸಿಂಗ್, ಮೌರಿಸಿಯೊ ರೊಮೆರೊ, ಕಾರ್ತಿಕ್ ಮುರಳೀಧರನ್ ಪರೀಕ್ಷಿಸಿದರು. ನಷ್ಟ ದೊಡ್ಡದಿತ್ತು. ಆದರೆ ಶಾಲೆ ತೆರೆದ ಆರು ತಿಂಗಳಲ್ಲಿ ಮೂರನೇ ಎರಡರಷ್ಟು ತುಂಬಿಬಂತು, ಅದರಲ್ಲಿ ಕಾಲುಭಾಗದಷ್ಟು ಶ್ರೇಯ ಊರ ಸ್ವಯಂಸೇವಕರು ಸಂಜೆ ಪಾಠ ಹೇಳಿದ 'ಇಲ್ಲಂ ತೇಡಿ ಕಲ್ವಿ' ಯೋಜನೆಗೆ. ನನಗೆ ಸಮಾಧಾನ ಕೊಟ್ಟ ಕೆಲವೇ ಅಧ್ಯಯನಗಳಲ್ಲಿ ಇದೊಂದು. ತಾಳಿ ಬಿದ್ದ ಹುಡುಗಿ ಮಾತ್ರ ಸಂಜೆ ಪಾಠಕ್ಕೆ ಬರಲಿಲ್ಲ.

ಲಸಿಕೆಯ ವಿಷಯದಲ್ಲಿ ವಾದ ಶುರುವಾದದ್ದು ಸೂಜಿ ಚುಚ್ಚುವುದಕ್ಕೂ ಮುಂಚೆ, ಅನುಮತಿಯ ದಿನವೇ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಒಪ್ಪಿಗೆ ಕೊಟ್ಟಾಗ ಮೂರನೇ ಹಂತದ ಪ್ರಯೋಗದ ಫಲಿತಾಂಶ ಬಂದಿರಲಿಲ್ಲ. ಅವಸರ ಏಕೆ ಎಂದು ಕೇಳಿದ ವಿಜ್ಞಾನಿಗಳನ್ನು ದೇಶದ್ರೋಹಿಗಳಂತೆ ಕಂಡರು. ನಂಬಿಕೆ ಸೋರಿದ್ದು ಆ ಬಿರುಕಿನಿಂದ. ಏಪ್ರಿಲ್ 15ರಂದು ಹಾಸ್ಯನಟ ವಿವೇಕ್ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಕಾರ್ಯದರ್ಶಿಯ ಎದುರೇ ಕೋವ್ಯಾಕ್ಸಿನ್ ಹಾಕಿಸಿಕೊಂಡು ಎಲ್ಲರೂ ಹಾಕಿಸಿಕೊಳ್ಳಿ ಎಂದರು. ಏಪ್ರಿಲ್ 17ರ ಬೆಳಗಿನ ಜಾವ ಹೃದಯಾಘಾತದಿಂದ ತೀರಿಕೊಂಡರು. ಕೇಂದ್ರದ ತಜ್ಞರ ಸಮಿತಿ ಅದು ಕಾಕತಾಳೀಯ ಎಂದು ಹೇಳುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಆರು ತಿಂಗಳ ಮೌನ ಭಯಕ್ಕೆ ಬಿಟ್ಟುಕೊಟ್ಟ ಜಾಗ. ಅದೇ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, ರಾಜ್‌ಕುಮಾರರ ಗಾಜನೂರನ್ನು ತಮ್ಮ ಊರೆಂದೇ ಭಾವಿಸುವ ಗಡಿಯ ಕನ್ನಡಿಗರಲ್ಲಿ ಆ ಭಯ ಎರಡನೇ ಸಲ ಹೊಕ್ಕಿತು.

ಅಪಾಯ ಇರಲಿಲ್ಲವೇ? ಇತ್ತು. ಕೋವಿಶೀಲ್ಡ್ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿಸಿ ಪ್ಲೇಟ್‌ಲೆಟ್ ಇಳಿಸುತ್ತದೆ ಎಂಬುದು 2021ರ ಮಾರ್ಚ್–ಏಪ್ರಿಲ್ ವೇಳೆಗೇ ಯೂರೋಪಿನಲ್ಲಿ ಗೊತ್ತಾಗಿತ್ತು. ಭಾರತದ ಸಮಿತಿ ಮೇ 17ರಂದು ಕೊಟ್ಟ ಅಂಕಿ: ಹತ್ತು ಲಕ್ಷ ಡೋಸಿಗೆ 0.61. ಅದೇ ಹೊತ್ತಿನಲ್ಲಿ ಬ್ರಿಟನ್ನಿನ ಅಂಕಿ 4, ಜರ್ಮನಿಯದು 10. ಭಾರತೀಯರ ರಕ್ತವೇ ಬೇರೆ ಎಂದು ನಂಬುವ ಬದಲು ನಮ್ಮಲ್ಲಿ ಪತ್ತೆ ಕಡಿಮೆಯಾಯಿತು ಎಂದುಕೊಳ್ಳುವುದೇ ವಿವೇಕ. ಲಸಿಕೆಯಾದ ಹತ್ತನೇ ದಿನ ತಲೆನೋವು ಬಂದ ರೋಗಿಯ ಪ್ಲೇಟ್‌ಲೆಟ್ ಎಣಿಸಿ, ಸ್ಕ್ಯಾನ್ ಮಾಡಿಸಿ, ಜಿಲ್ಲಾ ಸಮಿತಿಗೆ ವರದಿ ಕಳಿಸುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಎಷ್ಟಿವೆ? ಬ್ರಿಟನ್ 2021ರ ಮೇ ವೇಳೆಗೆ ನಲವತ್ತರ ಕೆಳಗಿನವರಿಗೆ ಬೇರೆ ಲಸಿಕೆ ಕೊಡಿ ಎಂದಿತ್ತು. ಅದೇ ಮೇ ತಿಂಗಳಲ್ಲಿ ನಾವು ಹದಿನೆಂಟು ದಾಟಿದವರಿಗೆಲ್ಲ ಕೋವಿಶೀಲ್ಡ್ ತೆರೆದೆವು. ಬೇರೆ ಲಸಿಕೆಗಳ ದಾಸ್ತಾನು ನಮ್ಮಲ್ಲಿ ಸಾಕಷ್ಟಿರಲಿಲ್ಲ, ಚಿತೆಗಳು ಉರಿಯುತ್ತಿದ್ದವು, ನಿರ್ಧಾರ ಸರಿಯೇ ಇರಬಹುದು. ಆದರೆ ಹೀಗೊಂದು ಅಪಾಯ ಇದೆ ಎಂದು ಯುವಕರಿಗೆ ಅವರ ಭಾಷೆಯಲ್ಲಿ ಹೇಳಬೇಕಿತ್ತು.

ಇನ್ನೊಂದು ತಟ್ಟೆಯಲ್ಲಿ ಏನಿತ್ತು ಎಂಬುದಕ್ಕೆ ತಮಿಳುನಾಡಿನದ್ದೇ ಲೆಕ್ಕ ಇದೆ. ರಾಜ್ಯದ 1,17,524 ಪೊಲೀಸರನ್ನು ಎರಡನೇ ಅಲೆಯ ಒಂದು ತಿಂಗಳು, 2021ರ ಏಪ್ರಿಲ್ 13ರಿಂದ ಮೇ 14ರವರೆಗೆ, ಗಮನಿಸಿದರು. ಲಸಿಕೆ ಹಾಕಿಸಿಕೊಳ್ಳದ 17,059 ಜನರಲ್ಲಿ 20 ಸಾವು. ಒಂದು ಡೋಸ್ ಪಡೆದ 32,792ರಲ್ಲಿ 7. ಎರಡೂ ಪಡೆದ 67,673ರಲ್ಲಿ 4. ಲಕ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 117, 21 ಮತ್ತು 6. ಲಸಿಕೆ ಬೇಡವೆಂದವರಲ್ಲಿ ಮೊದಲೇ ಕಾಯಿಲೆಯವರು ಹೆಚ್ಚಿದ್ದಿರಬಹುದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ, ಅದಕ್ಕೆ ಒಂದಷ್ಟು ಕಳೆಯಿರಿ. ಜರ್ಮನಿಯ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದರೂ ಲಸಿಕೆಯ ಹೆಪ್ಪುಗಟ್ಟುವ ಅಪಾಯ ಲಕ್ಷ ಡೋಸಿಗೆ ಒಂದು. ಅದೂ ಎಲ್ಲವೂ ಸಾವಲ್ಲ. ಎಷ್ಟು ಕಳೆದರೂ ಅಂತರ ಮುಚ್ಚುವುದಿಲ್ಲ. ನಮ್ಮ ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಲಸಿಕೆ ಕೊಟ್ಟದ್ದು ಸರಿಯೇ ಎಂಬ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆರೋಗ್ಯವಂತ ಹದಿನೆಂಟರ ಹುಡುಗನ ಲೆಕ್ಕ ಅಷ್ಟು ಸುಲಭದ್ದಲ್ಲ.

ಹಠಾತ್ ಸಾವಿನ ಬಗ್ಗೆ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನ 729 ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ಹೇಳಿತು: ಲಸಿಕೆಯಿಂದ ಅಪಾಯ ಹೆಚ್ಚಿಲ್ಲ; ಕೋವಿಡ್ಡಿಗೆ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಚರಿತ್ರೆ, ಮಿತಿಮೀರಿದ ಕುಡಿತ, ಏಕಾಏಕಿ ಕಠಿಣ ವ್ಯಾಯಾಮ ಅಪಾಯ ಹೆಚ್ಚಿಸಿವೆ. ಆದರೂ 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಕರ್ನಾಟಕದ ಮುಖ್ಯಮಂತ್ರಿಗಳೇ ಅವಸರದ ಲಸಿಕೆ ಅನುಮತಿಯ ಕಡೆ ಬೊಟ್ಟು ಮಾಡಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಅಂಥ ಸಂಬಂಧ ಕಾಣಲಿಲ್ಲ. ಅಧಿಕಾರದಲ್ಲಿರುವವರು ಕೈಯಲ್ಲಿ ವರದಿ ಇಟ್ಟುಕೊಂಡು ಮಾತಾಡಬೇಕು. ಅವರ ಒಂದು ಮಾತು ಹೊಸೂರು ದಾಟಿ ಧರ್ಮಪುರಿಗೆ ಬರಲು ಒಂದು ಸಂಜೆ ಸಾಕು.

ಲಸಿಕೆಯ ಅನಾಹುತವನ್ನು ನಿಭಾಯಿಸಿದ ಹಳೆಯ ಅನುಭವವೂ ನಮಗಿದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗಿಗೆ ಹಾಫ್‌ಕಿನ್‌ರ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು, ಫಲ ಕಂಡಿತು. ನಾಲ್ಕು ವರ್ಷಗಳ ನಂತರ ಪಂಜಾಬಿನ ಮುಲ್ಕೊವಾಲ್‌ನಲ್ಲಿ ಅದೇ ಲಸಿಕೆಯ ಒಂದು ಬಾಟಲಿಯಿಂದ 19 ಜನ ಧನುರ್ವಾಯು ತಗುಲಿ ಸತ್ತರು. ಹಾಫ್‌ಕಿನ್‌ರನ್ನು ಕೆಲಸದಿಂದ ದೂರವಿಟ್ಟರು, 1907ರಲ್ಲಿ ನಿರ್ದೋಷಿ ಎಂದರು. ಆ ಸಾವುಗಳು ಲಸಿಕೆಯ ಬಾಟಲಿಯಿಂದಲೇ ಆದವು ಎಂಬುದನ್ನು ಆಗಿನ ವಸಾಹತು ಸರ್ಕಾರವೂ ಅಲ್ಲಗಳೆಯಲಿಲ್ಲ, ವಿಚಾರಣೆ ನಡೆಸಿತು. ಲಸಿಕೆಯ ಬಳಕೆಯೂ ನಿಲ್ಲಲಿಲ್ಲ. ಒಪ್ಪಿಕೊಂಡರೆ ಜನ ಓಡಿಹೋಗುತ್ತಾರೆ ಎಂಬ ಭಯಕ್ಕೆ ಆಧಾರ ಕಡಿಮೆ.

2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅಡ್ಡಪರಿಣಾಮಗಳ ಮಾಹಿತಿಯನ್ನು ಸಾರ್ವಜನಿಕಗೊಳಿಸಬೇಕು ಎಂದಿತು. ಲಸಿಕಾ ನೀತಿ ತಪ್ಪು ಎನ್ನಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಲಸಿಕೆಯ ನಂತರ ಹೆಣ್ಣುಮಕ್ಕಳನ್ನು ಕಳೆದುಕೊಂಡ ಪೋಷಕರ ಅರ್ಜಿಗೆ ಉತ್ತರವಾಗಿ ಕೇಂದ್ರ ಸರ್ಕಾರ, ಲಸಿಕೆ ಐಚ್ಛಿಕವಾಗಿತ್ತು, ಪರಿಹಾರಕ್ಕೆ ತಾನು ಹೊಣೆಯಲ್ಲ, ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು ಪ್ರಮಾಣಪತ್ರ ಸಲ್ಲಿಸಿತು. ಬ್ರಿಟನ್ನಿನಲ್ಲಿ ಲಸಿಕೆಯಿಂದ ತೀವ್ರ ಹಾನಿಯಾದವರಿಗೆ ಯಾರದೂ ತಪ್ಪು ಸಾಬೀತಾಗದೆಯೇ 1,20,000 ಪೌಂಡ್ ಕೊಡುವ ವ್ಯವಸ್ಥೆ ಮೊದಲಿಂದ ಇದೆ. ಸಿವಿಲ್ ಕೋರ್ಟ್ ಎಂದರೆ ಪೆನ್ನಾಗರದ ಕೂಲಿ ಕುಟುಂಬ ವಕೀಲರನ್ನು ಹಿಡಿಯಬೇಕು, ಪುಣೆ ಅಥವಾ ಹೈದರಾಬಾದಿನ ಕಂಪನಿಯ ಮೇಲೆ ದಾವೆ ಹೂಡಬೇಕು, ಮಾಡಿಸದೇ ಹೋದ ಮರಣೋತ್ತರ ಪರೀಕ್ಷೆಯ ವರದಿ ತೋರಿಸಬೇಕು, ಯಾರೂ ಎಣಿಸದ ಪ್ಲೇಟ್‌ಲೆಟ್ಟಿನ ಸಂಖ್ಯೆ ಹೇಳಬೇಕು. ಕಡ್ಡಾಯವಲ್ಲ ಎಂದ ಆ ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಆ ದಿನಗಳಲ್ಲಿ ಎಷ್ಟೋ ಕಡೆ ಒಳಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಆ ಕುಟುಂಬವೇ ನ್ಯಾಯಾಲಯಕ್ಕೆ ನೆನಪಿಸಬೇಕು.